ನರೇಶನ್ ಇಲ್ಲದ ಫೋಟೋ

ಜರ್ನಲ್ ಎಂಟ್ರಿ ಬರೆದು ಕೆಳಗೆ ನರೇಶನ್ ಬಿಟ್ಟರೆ ಅಂಕ ಹೋಗುತ್ತದೆ ಎಂದು ಕಾಮರ್ಸಿನವರಿಗೆಲ್ಲ ಗೊತ್ತು. ಗೊತ್ತಿದ್ದರೂ ಅರ್ಧ ತರಗತಿ ಬಿಡುತ್ತದೆ. ವಿಜ್ಞಾನ ಮತ್ತು ಕಲಾ ವಿಭಾಗದ ಗೆಳೆಯರಿಗಾಗಿ ಹೇಳುವುದಾದರೆ, ನರೇಶನ್ ಎಂದರೆ ಪ್ರತಿ ನಮೂದಿನ ಕೆಳಗೆ ಬ್ರಾಕೆಟಿನಲ್ಲಿ ಬರೆಯುವ ಒಂದು ಸಾಲು. ನಗದು ಖಾತೆಯಿಂದ 500 ರೂಪಾಯಿ ಹೋಯಿತು, ದುರಸ್ತಿ ಖಾತೆಗೆ 500 ರೂಪಾಯಿ ಬಂತು ಎಂಬುದು ಲೆಕ್ಕ. ‘ಅಂಗಡಿಯ ಮಾಡಿನ ಹಂಚು ಬದಲಿಸಲು ಕೊಟ್ಟದ್ದು’ ಎಂಬುದು ನರೇಶನ್. ಆ ಸಾಲು ಇಲ್ಲದಿದ್ದರೂ ಎರಡೂ ಬದಿಯ ಮೊತ್ತ ಸರಿಹೊಂದುತ್ತದೆ. ಆದರೆ ಮೂರು ವರ್ಷ ಕಳೆದ ಮೇಲೆ ಆ 500 ರೂಪಾಯಿ ಯಾವುದಕ್ಕೆ ಹೋಯಿತು ಎಂದು ಬರೆದವನಿಗೇ ಗೊತ್ತಿರುವುದಿಲ್ಲ. ಲೂಕಾ ಪಾಚೋಲಿ ಎಂಬ ಇಟಲಿಯ ಗಣಿತಜ್ಞ ದ್ವಿನಮೂದು ಪದ್ಧತಿಯನ್ನು ತನ್ನ ಪುಸ್ತಕದಲ್ಲಿ ವಿವರಿಸಿ ಅಚ್ಚು ಹಾಕಿಸಿದ್ದು 1494ರಲ್ಲಿ. ಅಲ್ಲಿಂದ ಇಲ್ಲಿಯವರೆಗೆ ಲೆಕ್ಕ ಬರೆಯುವವರು ಈ ವಿವರಣೆಯ ಸಾಲನ್ನು ಬಿಟ್ಟುಕೊಟ್ಟಿಲ್ಲ.

ಈ ಲೇಖನ ಅಕೌಂಟೆನ್ಸಿಯ ಬಗ್ಗೆ ಅಲ್ಲ, ಫೋಟೋದ ಬಗ್ಗೆ. ನನಗೆ ಫೋಟೋ ತೆಗೆಯುವ ಹವ್ಯಾಸ ಉಂಟು. ಕ್ಯಾಮರಾ ಎಂದರೆ ಅಬ್ಬಾ ಬಳಸಿ ಬಿಟ್ಟ ಫೋನು. ಅಂಗಳದಲ್ಲಿ ಒಣಗುವ ಅಡಿಕೆ, ಹಗ್ಗದ ಮೇಲೆ ಸಾಲಾಗಿ ತೂಗುವ ರಬ್ಬರ್ ಶೀಟು, ಕಕ್ಕಿಂಜೆಯಲ್ಲಿ ಬಸ್ಸು ಕಾಯುವವರ ಕೊಡೆಗಳು, ಮಳೆ ನಿಂತ ಮೇಲೆ ಚಾರ್ಮಾಡಿ ಬೆಟ್ಟದಿಂದ ಏಳುವ ಮಂಜು, ನೆರಿಯದಲ್ಲಿ ಇರುವವರಿಗೆ ವಿಷಯಕ್ಕೆ ಬರಗಾಲವಿಲ್ಲ. ಫೋನಿನಲ್ಲಿ ಈಗ ಆರು ಸಾವಿರಕ್ಕಿಂತ ಹೆಚ್ಚು ಚಿತ್ರಗಳಿವೆ. ನಿಮ್ಮ ಫೋನಿನಲ್ಲೂ ಅಷ್ಟೇ ಇರಬಹುದು. ಹೇಗೆ ತೆಗೆಯಬೇಕು ಎಂದು ಕಲಿಸುವವರು ಬಹಳ ಜನ ಇದ್ದಾರೆ. ತೆಗೆದ ಮೇಲೆ ಅದರ ಕೆಳಗೆ ಏನು ಬರೆಯಬೇಕು ಎಂದು ಯಾರೂ ಹೇಳಿಕೊಡುವುದಿಲ್ಲ. ಅದನ್ನು ನಾನು ಮನೆಯ ಒಂದು ತಗಡಿನ ಡಬ್ಬಿಯಿಂದ ಕಲಿಯುತ್ತಿದ್ದೇನೆ. ಕಲಿತಷ್ಟನ್ನು ಇಲ್ಲಿ ಪಾಠದ ಹಾಗೆ ಬರೆಯುತ್ತೇನೆ.

ಬಿಸ್ಕತ್ತಿನ ಆ ಡಬ್ಬಿಯಲ್ಲಿ 41 ಫೋಟೋಗಳಿವೆ. ಹೆಚ್ಚಿನವು ಕಪ್ಪು ಬಿಳುಪು, ಅಂಚಿನಲ್ಲಿ ಗರಗಸದ ಹಲ್ಲಿನಂತೆ ಕತ್ತರಿಸಿದವು. ಅಬ್ಬಾನ ಅಕ್ಕ, ಅಂದರೆ ನಮ್ಮ ಫುಫ್ಪು, ಮದುವೆಗೆ ಮುಂಚೆ ಕೂತು ಪ್ರತಿಯೊಂದರ ಹಿಂದೆಯೂ ಉರ್ದುವಿನಲ್ಲಿ ಹೆಸರು ಬರೆದಿದ್ದರಂತೆ, ಇಂಕ್ ಪೆನ್ನಿನಲ್ಲಿ. 2019ರ ಆಗಸ್ಟ್ 9ರ ಶುಕ್ರವಾರ, ಬಕ್ರೀದ್‌ಗೆ ಮೂರು ದಿನ ಇರುವಾಗ, ಬೆಟ್ಟದ ಮೇಲೆ ಸುರಿದ ಮಳೆಗೆ ನಮ್ಮ ಸುತ್ತಿನ ಹೊಳೆಗಳೆಲ್ಲ ಒಟ್ಟಿಗೆ ಉಕ್ಕಿದವು. ಚಾರ್ಮಾಡಿ ಘಾಟಿಯಲ್ಲಿ ಗುಡ್ಡ ಕುಸಿದು ವಾಹನ ಸಂಚಾರ ನಿಂತಿತು. ಬೆಳ್ತಂಗಡಿ ತಾಲೂಕಿನ ಎಷ್ಟೋ ತೋಟಗಳ ಮೇಲೆ ಮರಳು, ಮರದ ದಿಮ್ಮಿ ಬಂದು ಕೂತವು. ನಮ್ಮ ಮನೆ ತಗ್ಗಿನಲ್ಲಿದೆ. ನೀರು ಒಳಗೆ ಬಂದದ್ದು ಮೊಣಕಾಲಿನವರೆಗೆ ಮಾತ್ರ, ಆದರೆ ಡಬ್ಬಿ ಇದ್ದದ್ದು ಮಂಚದ ಅಡಿಯಲ್ಲಿ. ಚಿತ್ರಗಳು ಉಳಿದವು. ಹಿಂದಿನ ಅಕ್ಷರ ನೀಲಿ ನೀರಾಗಿ ಹೋಯಿತು. 41ರಲ್ಲಿ 23ರ ಹೆಸರುಗಳನ್ನು ಮನೆಯವರು ಅಲ್ಲೇ ನೆನಪಿನಿಂದ ಹೇಳಬಲ್ಲವರಾಗಿದ್ದರು. ಉಳಿದ 18 ಚಿತ್ರಗಳಲ್ಲಿ ಯಾರಿದ್ದಾರೆ ಎಂದು ಹೇಳಬಲ್ಲವರು ಜಗತ್ತಿನಲ್ಲಿ ಒಬ್ಬರೇ, ನಮ್ಮ ದಾದಿ. ಅವರಿಗೀಗ 73. ಒಂದು ಕಣ್ಣಿನಲ್ಲಿ ಪೊರೆ ಬೆಳೆದಿದೆ. ಹಿಂದಿನ ರಂಜಾನ್‌ನಲ್ಲಿ ಥಟ್ಟನೆ ಹೇಳಿದ ಒಂದು ಹೆಸರಿಗೆ ಈ ರಂಜಾನ್‌ನಲ್ಲಿ ಬಹಳ ಹೊತ್ತು ಸೀಲಿಂಗ್ ನೋಡಿದರು.

ಒದ್ದೆಯಾದ ಫೋಟೋ ಬಗ್ಗೆ ಮೊದಲು ಹೇಳಿಬಿಡುತ್ತೇನೆ, ಮಳೆಗಾಲ ನಮ್ಮ ಊರಿಗೆ ಪ್ರತಿ ವರ್ಷ ಬರುತ್ತದೆ. ಒಂದಕ್ಕೊಂದು ಅಂಟಿಕೊಂಡ ಫೋಟೋಗಳನ್ನು ಒಣಗಿದ ಮೇಲೆ ಎಳೆಯಬಾರದು. ಫೋಟೋ ಕಾಗದದ ಮೇಲೆ ಜೆಲಾಟಿನ್ ಎಂಬ ತೆಳು ಪದರ ಇರುತ್ತದೆ, ಚಿತ್ರ ಇರುವುದು ಅದರೊಳಗೆ. ಒದ್ದೆಯಾದಾಗ ಅದು ಅಂಟಾಗುತ್ತದೆ, ಒಣಗಿದರೆ ಅಂಟಿದ ಜಾಗದಲ್ಲೇ ಗಟ್ಟಿಯಾಗುತ್ತದೆ. ಶುದ್ಧವಾದ ತಣ್ಣೀರಿನ ಬೋಗುಣಿಯಲ್ಲಿ ಇಟ್ಟು, ಪದರ ಮತ್ತೆ ಮೆತ್ತಗಾದ ಮೇಲೆ ನಿಧಾನವಾಗಿ ಬೇರ್ಪಡಿಸಿ, ಚಿತ್ರ ಮೇಲೆ ಬರುವ ಹಾಗೆ ಬಟ್ಟೆಯ ಮೇಲೆ ಹರಡಿ, ನೆರಳಿನಲ್ಲಿ ಒಣಗಿಸಬೇಕು. ಬಿಸಿಲೂ ಬೇಡ, ಒಲೆಯ ಹತ್ತಿರವೂ ಬೇಡ, ಇಸ್ತ್ರಿಯಂತೂ ಬೇಡವೇ ಬೇಡ. ಚಿತ್ರದ ಮೇಲೆ ಬೆರಳು ಒತ್ತಬಾರದು. ಒಣಗಿಸಲು ಸಮಯವೇ ಇಲ್ಲ, ಮನೆಯಿಂದ ಮಣ್ಣು ತೆಗೆಯುವ ಕೆಲಸ ಇದೆ ಎಂದಾದರೆ, ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಫ್ರೀಜರಿನಲ್ಲಿ ಇಟ್ಟು ಆಮೇಲೆ ನೋಡಿಕೊಳ್ಳಬಹುದು. ಸಾಮಾನ್ಯ ದಿನಗಳಲ್ಲಿ ಬೂಷ್ಟು ಬಾರದಂತೆ, ಹೊರಗೋಡೆಗೆ ತಾಗಿದ ಕಪಾಟು ಬಿಟ್ಟು ಒಳಗಿನ ಎತ್ತರದ ಜಾಗದಲ್ಲಿ ಇಡುವುದು ಒಳ್ಳೆಯದು. ಹೊಸ ಚಪ್ಪಲಿಯ ಪೆಟ್ಟಿಗೆಯಲ್ಲಿ ಬರುವ ಸಿಲಿಕಾ ಜೆಲ್ ಪೊಟ್ಟಣ ಎಸೆಯದೆ ಡಬ್ಬಿಗೆ ಹಾಕಿ.

ಈಗ ಪಾಠದ ಮುಖ್ಯ ಭಾಗ.

ಮೊದಲು ನಕಲು, ಆಮೇಲೆ ಪ್ರಶ್ನೆ. ಈ ಕ್ರಮ ನನಗೆ ಸಿಕ್ಕಿದ್ದು ದಾದಿಯ ಕಣ್ಣಿನಿಂದ. ಹೆಬ್ಬೆರಳಿನ ಉಗುರಿಗಿಂತ ಚಿಕ್ಕದಾದ ಮುಖವನ್ನು ತೋರಿಸಿ ‘ಇದು ಯಾರು’ ಎಂದರೆ ಅವರು ‘ನಕ್ಕೋ’ ಎಂದು ಕೈ ಆಡಿಸಿ ಡಬ್ಬಿ ಮುಚ್ಚುತ್ತಾರೆ. ಅದೇ ಚಿತ್ರವನ್ನು ಫೋನಿನಲ್ಲಿ ತೆಗೆದು, ಚಾಚಾನ ಟ್ಯಾಬ್‌ನಲ್ಲಿ ಮುಖವನ್ನು ಅಂಗೈಯಷ್ಟು ದೊಡ್ಡದು ಮಾಡಿ ತೋರಿಸಿದೆ. ಅವರು ಗುರುತಿಸಿದ್ದು ಮುಖವನ್ನಲ್ಲ, ಅಂಗಿಯನ್ನು. ಒಂದು ಈದ್‌ಗೆ ಬೆಳ್ತಂಗಡಿಯಿಂದ ತಂದ ಬಟ್ಟೆಯಂತೆ. ದಾದಾನ ಅಂಗಿಗೆ ಹೊಲಿದು ಉಳಿದದ್ದರಲ್ಲಿ ಕಿಟಕಿಗೆ ಪರದೆ ಮಾಡಿದ್ದರಂತೆ. ಬಟ್ಟೆ ಸಿಕ್ಕಿದ ಮೇಲೆ ವರ್ಷ ಸಿಕ್ಕಿತು, ವರ್ಷ ಸಿಕ್ಕಿದ ಮೇಲೆ ಪಕ್ಕದಲ್ಲಿ ನಿಂತವರ ಹೆಸರು ತಾನಾಗಿ ಬಂತು. ಹಾಗಾಗಿ ‘ಯಾರು’ ಎಂದು ಕೇಳುವುದನ್ನು ಬಿಟ್ಟಿದ್ದೇನೆ. ‘ಇದು ಯಾವ ಮನೆಯ ಜಗಲಿ’, ‘ಆ ದಿನ ಎಂತ ಅಡುಗೆ’, ‘ಇದನ್ನು ತೆಗೆದವರು ಯಾರು’ ಎಂದು ಕೇಳುತ್ತೇನೆ. ‘ಇಲ್ಲಿ ಯಾರು ಇಲ್ಲ’ ಎಂದೂ ಕೇಳುತ್ತೇನೆ. ಈ ಕೊನೆಯ ಪ್ರಶ್ನೆಗೆ ಬರುವಷ್ಟು ಉತ್ತರ ಬೇರೆ ಯಾವುದಕ್ಕೂ ಬರುವುದಿಲ್ಲ. ಮದುವೆಯ ಒಂದು ಗುಂಪಿನ ಚಿತ್ರದಲ್ಲಿ ಇಲ್ಲದವರ ಬಗ್ಗೆಯೇ ದಾದಿ ಮುಕ್ಕಾಲು ಗಂಟೆ ಮಾತಾಡಿದರು.

ನಕಲು ಮಾಡುವ ಕ್ರಮ ಸುಲಭ. ಫ್ರೇಮಿನ ಗಾಜು ತೆಗೆಯಲು ಬಂದರೆ ತೆಗೆಯಿರಿ, ಬಾರದಿದ್ದರೆ ಒತ್ತಾಯ ಬೇಡ, ಫೋಟೋ ಗಾಜಿಗೆ ಅಂಟಿರುತ್ತದೆ. ಬೆಳಗ್ಗೆ ಹತ್ತರ ಹೊತ್ತಿಗೆ ಜಗಲಿಯಲ್ಲಿ, ನೇರ ಬಿಸಿಲು ಬೀಳದ ಕಡೆ, ಚಿತ್ರವನ್ನು ಮಣೆಯ ಮೇಲೆ ಮಲಗಿಸಿ. ಫ್ಲ್ಯಾಶ್ ಬೇಡ. ಫೋನು ಚಿತ್ರಕ್ಕೆ ಸಮಾನಾಂತರವಾಗಿ ಇರಬೇಕು, ವಾಲಿದರೆ ಒಂದು ಬದಿ ಕಿರಿದಾಗುತ್ತದೆ. ನಾನು ಎರಡು ಬದಿ ಇಟ್ಟಿಗೆ ಜೋಡಿಸಿ ಮೇಲೆ ಎರಡು ರೀಪು ಇಟ್ಟು, ನಡುವಿನ ಸಂದಿಯಲ್ಲಿ ಲೆನ್ಸ್ ಬರುವ ಹಾಗೆ ಫೋನು ಮಲಗಿಸುತ್ತೇನೆ. 12 ಮೆಗಾಪಿಕ್ಸೆಲ್ ಕ್ಯಾಮರಾ ಎಂದರೆ ಸುಮಾರು 4000 ಚುಕ್ಕೆ ಅಗಲ, 3000 ಚುಕ್ಕೆ ಎತ್ತರ. ಆರು ಇಂಚು ಅಗಲ, ನಾಲ್ಕು ಇಂಚು ಎತ್ತರದ ಚಿತ್ರ ಫ್ರೇಮು ತುಂಬಿದರೆ ಇಂಚಿಗೆ 600ಕ್ಕೂ ಹೆಚ್ಚು ಚುಕ್ಕೆ ಸಿಗುತ್ತದೆ. ಮನೆಯ ಕೆಲಸಕ್ಕೆ ಇಷ್ಟು ಧಾರಾಳ ಸಾಕು. ಮುಂದಿನ ಬದಿಯಷ್ಟೇ ಮುಖ್ಯ ಹಿಂದಿನ ಬದಿ. ಸ್ಟುಡಿಯೋದ ಸೀಲು, ಪೆನ್ಸಿಲಿನ ಅಂಕೆ, ಅಂಟಿನ ಕಲೆ, ಎಲ್ಲವೂ ವೋಚರೇ.

ವೋಚರ್ ಎಂದೆ. ನಮ್ಮ ಪಠ್ಯದಲ್ಲಿ ಒಂದು ವ್ಯವಹಾರ ನಡೆದಿದೆ ಎನ್ನಲು ಆಧಾರ ಪತ್ರ ಬೇಕು. ಫೋಟೋಕ್ಕೂ ಅದೇ ನಿಯಮ ಹಾಕಿದರೆ ಕೆಲಸ ಸ್ವಾರಸ್ಯ ಆಗುತ್ತದೆ. ಡಬ್ಬಿಯಲ್ಲಿ ಒಂದು ಲಾರಿಯ ಚಿತ್ರ ಇದೆ. ಲಾರಿಯ ಮುಂದೆ ಮೂವರು ಗಂಡಸರು, ನಡುವಿನವರ ಬಾಯಲ್ಲಿ ಬೀಡಿ. ಎಡಗಡೆಯವರು ದಾದಾ. ನಾನು ಹುಟ್ಟುವ ಮೊದಲೇ ಅವರು ತೀರಿಕೊಂಡಿದ್ದಾರೆ, ಆದರೆ ಆ ಕಿವಿ ಅಬ್ಬಾನದ್ದೇ. ಲಾರಿಯ ನಂಬರು ‘ಎಂವೈ’ ಎಂದು ಶುರುವಾಗುತ್ತದೆ, ಮೈಸೂರು ರಾಜ್ಯದ ಕಾಲದ ಕ್ರಮ. ನಾವು ಈಗ ನೋಡುವ ‘ಕೆಎ’ ನಂಬರುಗಳು ಬಂದದ್ದು 1988ರ ಮೋಟಾರು ವಾಹನ ಕಾಯ್ದೆಯ ನಂತರ. ರಾಜ್ಯಕ್ಕೆ ಕರ್ನಾಟಕ ಎಂಬ ಹೆಸರು ಬಂದದ್ದು 1973ರ ನವೆಂಬರ್ 1ಕ್ಕೆ. ಹೆಸರು ಬದಲಾದ ಕೂಡಲೇ ಓಡುವ ಲಾರಿಯ ಬೋರ್ಡು ಬದಲಾಗುವುದಿಲ್ಲವಲ್ಲ, ಆದ್ದರಿಂದ ನಂಬರಿನಿಂದ ಇಷ್ಟೇ ಹೇಳಬಹುದು: ಲಾರಿ ಹಳೆಯದು. ಉಳಿದದ್ದಕ್ಕೆ ದಾದಿ ಬೇಕು. ದಾದಿಯ ಕ್ಯಾಲೆಂಡರಿನಲ್ಲಿ ಇಸವಿ ಇಲ್ಲ, ಘಟನೆ ಇದೆ. ‘ದೊಡ್ಡ ನೆರೆ ಬಂದದ್ದರ ಮುಂದಿನ ವರ್ಷ’ ಎಂದರು. ಬಂಟ್ವಾಳದ ಹಿರಿಯರನ್ನು ಕೇಳಿ, ನೇತ್ರಾವತಿಯ ದೊಡ್ಡ ನೆರೆ ಎಂದರೆ ಎರಡೇ ಇಸವಿ ಹೇಳುತ್ತಾರೆ, 1923 ಮತ್ತು 1974. 1923ರಲ್ಲಿ ದಾದಿ ಹುಟ್ಟಿರಲಿಲ್ಲ. ಅಲ್ಲಿಗೆ 1975 ಎಂದಾಯಿತು. ನೋಡಿ, ಒಂದು ಫೋಟೋದ ದಿನಾಂಕ ಹುಡುಕಲು ಹೋಗಿ ರಾಜ್ಯದ ಚರಿತ್ರೆ, ಮೋಟಾರು ಕಾಯ್ದೆ, ಹೊಳೆಯ ಚರಿತ್ರೆ ಮೂರನ್ನೂ ಓದಿದ ಹಾಗಾಯಿತು.

ಆ ಚಿತ್ರಕ್ಕೆ ಬರೆದ ನರೇಶನ್ ಹೀಗಿದೆ, ಮಾದರಿಗಾಗಿ ಕೊಡುತ್ತೇನೆ:

‘ಸುಮಾರು 1975. ಚಾರ್ಮಾಡಿ ಘಾಟಿಯ ಕೆಳಗೆ, ಲಾರಿಯ ಮುಂದೆ. ಎಡದಿಂದ: ದಾದಾ (ಆಗ ಕ್ಲೀನರ್), ಡ್ರೈವರ್ (ಮನೆ ಕೊಟ್ಟಿಗೆಹಾರದ ಕಡೆ), ಮೂರನೆಯವರು ತಿಳಿದಿಲ್ಲ. ತೆಗೆದವರು ತಿಳಿದಿಲ್ಲ. ಹೇಳಿದವರು ದಾದಿ. ಇಸವಿಗೆ ಆಧಾರ: ನೆರೆಯ ಮರುವರ್ಷ ಎಂಬ ಮಾತು, ಲಾರಿಯ ನಂಬರು. ಬರೆದದ್ದು 2025 ಜೂನ್ 14.’

ಇದರಲ್ಲಿ ಎರಡು ಸಂಗತಿ ಗಮನಿಸಿ. ಡ್ರೈವರ್ ಹೆಸರು ನಮ್ಮ ಮನೆಯ ಪುಸ್ತಕದಲ್ಲಿದೆ, ಇಲ್ಲಿ ಬಿಟ್ಟಿದ್ದೇನೆ, ಏಕೆಂದರೆ ಅವರ ಮನೆಯವರನ್ನು ಕೇಳಿಲ್ಲ. ಎರಡನೆಯದು, ‘ಹೇಳಿದವರು’ ಎಂಬ ಅಂಕಣ. ನಾಳೆ ಫುಫ್ಪು ಬಂದು ‘ಅದು ಡ್ರೈವರ್ ಅಲ್ಲ, ಲಾರಿಯ ಮಾಲೀಕ’ ಎಂದರೆ ದಾದಿಯ ಸಾಲನ್ನು ಅಳಿಸಬಾರದು. ಲೆಕ್ಕದ ಪುಸ್ತಕದಲ್ಲಿ ತಿದ್ದುಪಡಿ ಎಂದರೆ ಹೊಸ ನಮೂದು, ಹಳೆಯದನ್ನು ಕೆರೆದು ತೆಗೆಯುವುದಲ್ಲ. ಇಬ್ಬರ ಮಾತೂ ಇರಲಿ.

ನಾವು ಈಗ ತೆಗೆಯುವ ಚಿತ್ರಗಳಿಗೆ ಈ ಕಷ್ಟ ಇಲ್ಲ, ಫೋನೇ ದಿನಾಂಕ ಬರೆದುಕೊಳ್ಳುತ್ತದೆ ಎಂದು ಒಬ್ಬ ಗೆಳೆಯ ವಾದಿಸಿದ. ಅರ್ಧ ಸರಿ. ಚಿತ್ರದ ಫೈಲಿನೊಳಗೆ ದಿನಾಂಕ, ಸಮಯ, ಕ್ಯಾಮರಾದ ಮಾದರಿ, ಲೊಕೇಶನ್ ಆನ್ ಇದ್ದರೆ ಜಾಗ, ಇಷ್ಟನ್ನೂ ಇಡುವ ‘ಎಕ್ಸಿಫ್’ ಎಂಬ ಪದ್ಧತಿಯನ್ನು ಜಪಾನಿನವರು 1995ರಲ್ಲಿ ರೂಪಿಸಿದರು. ಗ್ಯಾಲರಿಯಲ್ಲಿ ಚಿತ್ರದ ‘ಡೀಟೇಲ್ಸ್’ ಒತ್ತಿದರೆ ಕಾಣುವುದು ಅದೇ. ಆದರೆ ಅದೇ ಚಿತ್ರವನ್ನು ವಾಟ್ಸಾಪ್‌ನಲ್ಲಿ ಫೋಟೋ ಆಗಿ ಕಳಿಸಿದಾಗ ಚಿತ್ರ ಕುಗ್ಗುತ್ತದೆ, ಈ ಮಾಹಿತಿ ಉದುರಿಹೋಗುತ್ತದೆ. ಪಡೆದವರ ಫೋನಿನಲ್ಲಿ ಫೈಲಿನ ಹೆಸರಿನಲ್ಲಿ ಕಾಣುವ ದಿನಾಂಕ ಚಿತ್ರ ತೆಗೆದದ್ದಲ್ಲ, ಬಂದು ತಲುಪಿದ್ದು.

ಇದು ಸಣ್ಣ ಸಂಗತಿ ಎನಿಸಬಹುದು. 2019ರ ನೆರೆಯ ನಂತರ ನಮ್ಮ ಪರಿಚಯದವರೊಬ್ಬರು ತಮ್ಮ ತೋಟ ಮೊದಲು ಹೇಗಿತ್ತು ಎಂದು ತೋರಿಸಬೇಕಾಗಿ ಬಂತು. ತೋಟದ ಚಿತ್ರ ಇತ್ತು, ಫಲ ತುಂಬಿದ ಅಡಿಕೆ ಮರಗಳು, ಪಂಪಿನ ಶೆಡ್ಡು, ಎಲ್ಲವೂ. ಆದರೆ ಅದು ಊರಿನ ಗುಂಪಿಗೆ ಹೋಗಿ, ಸಂಬಂಧಿಕರಿಂದ ತಿರುಗಿ ಬಂದ ಚಿತ್ರ. ಮೂಲ ಚಿತ್ರವಿದ್ದ ಫೋನು ನೀರಿನಲ್ಲಿ ಹೋಗಿತ್ತು. ಯಾವಾಗ ತೆಗೆದದ್ದು ಎಂದು ಕೇಳಿದರೆ ಫೈಲು ಆಗಸ್ಟ್ 11 ಎನ್ನುತ್ತದೆ, ಅಂದರೆ ತೋಟ ಕೊಚ್ಚಿಹೋದ ಎರಡು ದಿನದ ಮೇಲೆ ಮರ ನೆಟ್ಟಗೆ ನಿಂತ ಹಾಗೆ. ಅದೃಷ್ಟಕ್ಕೆ ಆ ಚಿತ್ರದಲ್ಲಿ ಅವರ ಮಗಳು ಶಾಲೆಯ ಬಹುಮಾನದ ಕಪ್ಪು ಹಿಡಿದು ನಿಂತಿದ್ದಳು, ಕಪ್ಪಿನ ಮೇಲೆ ಇಸವಿ ಕೆತ್ತಿತ್ತು. ಆದ್ದರಿಂದ ಬೇಕಾದ ಚಿತ್ರ ಕಳಿಸುವಾಗ ‘ಡಾಕ್ಯುಮೆಂಟ್’ ಎಂದು ಆರಿಸಿ ಕಳಿಸಿ. ಹಾಗೆ ಕಳಿಸಿದರೆ ಫೈಲು ಇದ್ದ ಹಾಗೇ ಹೋಗುತ್ತದೆ, ದಿನಾಂಕ ಸಹಿತ.

ಇನ್ನು ಬರೆಯುವ ಭಾಷೆ. ನಮ್ಮ ಮನೆಯಲ್ಲಿ ಉರ್ದು, ಅಂಗಡಿಯಲ್ಲಿ ಬ್ಯಾರಿ ಮತ್ತು ತುಳು, ತರಗತಿಯಲ್ಲಿ ಕನ್ನಡ ಮತ್ತು ಇಂಗ್ಲಿಷ್. ಉರ್ದು ಲಿಪಿ ಓದಲು ನನಗೆ ಬರುತ್ತದೆ, ನಿಧಾನ. ನನ್ನ ತಮ್ಮನಿಗೆ ಕನ್ನಡದಷ್ಟು ಸಲೀಸು ಬೇರೆ ಲಿಪಿ ಇಲ್ಲ. ದಾದಿಯ ಮಾತನ್ನು ನಾಳೆ ಓದಬೇಕಾದವನು ಅವನು. ಹಾಗಾಗಿ ಪುಸ್ತಕದಲ್ಲಿ ಕನ್ನಡ ಲಿಪಿಯಲ್ಲೇ ಬರೆಯುತ್ತಿದ್ದೇನೆ, ದಾದಿ ಹೇಳಿದ ಕೆಲವು ಮಾತು ಮಾತ್ರ ಇದ್ದ ಹಾಗೇ. ‘ಸಫ಼ರ್’, ‘ಜ಼ಮಾನಾ’ ಎಂದು ಬರೆಯುವಾಗ ಅಕ್ಷರದ ಪಕ್ಕ ಎರಡು ಚುಕ್ಕೆ ಕಾಣುತ್ತದಲ್ಲ, ಅದಕ್ಕೆ ನುಕ್ತಾ ಎನ್ನುತ್ತಾರೆ. ಕನ್ನಡದ ಫ, ಜ ಅಕ್ಷರಗಳಿಗೆ ಅದನ್ನು ಸೇರಿಸಿದರೆ ಉರ್ದುವಿನ ಆ ಧ್ವನಿ ಬರುತ್ತದೆ. ದಾದಿಗೆ ಓದಿ ಹೇಳಿದಾಗ ಅವರು ತಿದ್ದಿದ್ದು ನನ್ನ ಉಚ್ಚಾರವನ್ನು, ಕಾಗುಣಿತವನ್ನಲ್ಲ.

ಕಂಪ್ಯೂಟರಿನಲ್ಲಿ ಕನ್ನಡ ಟೈಪ್ ಮಾಡಲು ಕಷ್ಟ ಎನ್ನುವವರಿಗೆ ಒಂದು ಹೆಸರು ಹೇಳಬೇಕು. ನಾಡೋಜ ಕೆ.ಪಿ. ರಾವ್, ನಮ್ಮದೇ ಜಿಲ್ಲೆಯ ಕಿನ್ನಿಕಂಬಳದವರು. ‘ನುಡಿ’ ತಂತ್ರಾಂಶದಲ್ಲಿ ನಾವು ಬಳಸುವ ಕೀಲಿಮಣೆಯ ವಿನ್ಯಾಸ ಅವರ ಯೋಚನೆಯ ಮೇಲೆ ನಿಂತದ್ದು. ಅದರ ಜಾಣತನ ಇದು: ವ್ಯಂಜನ ಒತ್ತಿದರೆ ಅದರೊಳಗಿನ ‘ಅ’ಕಾರ ಸೇರಿಯೇ ಬರುತ್ತದೆ, ಬೇರೆ ಸ್ವರ ಬೇಕಿದ್ದರೆ ಮಾತ್ರ ಅದನ್ನು ಒತ್ತಬೇಕು. ‘ನೆರಿಯ’ ಎನ್ನಲು ಎನ್, ಇ, ಆರ್, ಐ, ವೈ, ಐದೇ ಒತ್ತು. ಒತ್ತಕ್ಷರ ಬೇಕಾದಲ್ಲಿ ನಡುವೆ ಎಫ್. ಒಂದು ವಾರ ದಿನಕ್ಕೆ ಅರ್ಧ ಗಂಟೆ ಕೂತರೆ ಬೆರಳಿಗೆ ಹಿಡಿಯುತ್ತದೆ. ಅಷ್ಟೂ ತಾಳ್ಮೆ ಇಲ್ಲದವರು ಫೋನಿಗೆ ಹೇಳಿ ಬರೆಸಬಹುದು. 2017ರ ಆಗಸ್ಟ್‌ನಲ್ಲಿ ಗೂಗಲ್ ಧ್ವನಿ ಟೈಪಿಂಗ್‌ಗೆ ಎಂಟು ಭಾರತೀಯ ಭಾಷೆಗಳನ್ನು ಸೇರಿಸಿತು, ಅದರಲ್ಲಿ ಕನ್ನಡವೂ ಇತ್ತು, ಉರ್ದುವೂ ಇತ್ತು. ದಾದಿಯ ಮಾತು ಮಾತ್ರ ಅದಕ್ಕೆ ಅರ್ಥವಾಗಲಿಲ್ಲ. ಅದು ಕಲಿತ ಉರ್ದು ಲಖನೌದ್ದೋ ಏನೋ, ನಮ್ಮದು ದಖ್ಖನಿ.

ಟೈಪ್ ಮಾಡುವಾಗ ಯೂನಿಕೋಡ್‌ನಲ್ಲೇ ಮಾಡಿ, ಇದನ್ನು ಒತ್ತಿ ಹೇಳುತ್ತೇನೆ. ಹಳೆಯ ಕಾಲದ ಫಾಂಟುಗಳಲ್ಲಿ ಕಂಪ್ಯೂಟರಿನ ಒಳಗೆ ಕೂತದ್ದು ಇಂಗ್ಲಿಷ್ ಅಕ್ಷರಗಳ ಸಂಖ್ಯೆಗಳೇ, ಫಾಂಟು ಅವುಗಳ ಮೇಲೆ ಕನ್ನಡದ ವೇಷ ಹಾಕುತ್ತಿತ್ತು. ಆ ಫಾಂಟು ಇಲ್ಲದ ಕಡೆ ತೆರೆದರೆ ವೇಷ ಕಳಚಿ ಅರ್ಥವಿಲ್ಲದ ಚಿಹ್ನೆಗಳು ಉಳಿಯುತ್ತವೆ. ಚಾಚಾನ ಮದುವೆಯ ಕಾಗದದ ಫೈಲನ್ನು ನನ್ನ ಫೋನಿನಲ್ಲಿ ತೆರೆದಾಗ ವಧು, ವರ, ಮುಹೂರ್ತ ಎಲ್ಲ ಸೇರಿ ಒಂದು ಸಾಲು ಡಾಲರ್ ಚಿಹ್ನೆ ಮತ್ತು ಬ್ರಾಕೆಟುಗಳಾಗಿತ್ತು. ಕನ್ವರ್ಟರ್ ಹಾಕಿದ ಮೇಲೆ ಮದುವೆ ಆಯಿತು. ಯೂನಿಕೋಡ್‌ನಲ್ಲಿ ಪ್ರತಿ ಅಕ್ಷರಕ್ಕೂ ಜಗತ್ತಿಗೆಲ್ಲ ಒಂದೇ ಸಂಖ್ಯೆ. ನಮ್ಮ ‘ಕ’ದ ಸಂಖ್ಯೆ 3221. ಉರ್ದುವಿನ ಕಾಫ್‌ಗೆ 1705. ಲೆಡ್ಜರ್ ಫೋಲಿಯೋ ಇದ್ದ ಹಾಗೆ, ಯಾವ ಪುಸ್ತಕ ತೆರೆದರೂ ಅದೇ ಪುಟಕ್ಕೆ ಹೋಗುತ್ತದೆ.

ಕ್ಯಾಮರಾ ಮತ್ತು ಕನ್ನಡ ಟೈಪಿಂಗ್ ಎರಡೂ ಒಬ್ಬರ ತಲೆಯಲ್ಲೇ ಇದ್ದದ್ದನ್ನು ನೋಡಬೇಕಾದರೆ ನಮ್ಮ ಬೆಟ್ಟ ಹತ್ತಿ ಆಚೆ ಇಳಿದರೆ ಸಾಕು. ಚಾರ್ಮಾಡಿ ದಾಟಿದರೆ ಮೂಡಿಗೆರೆ. ಅಲ್ಲಿ ಪೂರ್ಣಚಂದ್ರ ತೇಜಸ್ವಿಯವರು (1938–2007) ಕಾಫಿ ತೋಟ ಮಾಡಿಕೊಂಡು, ಕಾದಂಬರಿ ಬರೆದುಕೊಂಡು, ಹಕ್ಕಿಗಳ ಹಿಂದೆ ಕ್ಯಾಮರಾ ಹಿಡಿದು ಕೂತಿದ್ದರು. ‘ಕರ್ವಾಲೊ’ ನಮ್ಮಲ್ಲಿ ಹಲವರು ಓದಿರುತ್ತೀರಿ. ಅವರ ಹಕ್ಕಿ ಪುಸ್ತಕಗಳನ್ನು ಅಷ್ಟು ಜನ ಓದಿಲ್ಲ. ಹಕ್ಕಿಯ ಚಿತ್ರದ ಜೊತೆ ಅದರ ಹೆಸರು, ಬಣ್ಣ, ಗೂಡು, ಸ್ವಭಾವ, ಎಲ್ಲವೂ ಕನ್ನಡದಲ್ಲಿ. ಅದೇ ಮನುಷ್ಯ ಕೊನೆಯ ವರ್ಷಗಳಲ್ಲಿ ಕನ್ನಡಕ್ಕೆ ಒಳ್ಳೆಯ ತಂತ್ರಾಂಶ ಬೇಕು ಎಂದು ಓಡಾಡಿದರು. ಸಾಹಿತಿಗೆ ತಂತ್ರಾಂಶದ ಗೊಡವೆ ಏಕೆ ಎಂದು ಕೆಲವರಿಗೆ ಅನಿಸಿರಬಹುದು. ನನಗೆ ಅದು ಒಂದೇ ಕೆಲಸದ ಎರಡು ತುದಿಯಂತೆ ಕಾಣುತ್ತದೆ, ಚಿತ್ರ ತೆಗೆದವನಿಗೆ ಅದರ ಕೆಳಗೆ ತನ್ನ ಭಾಷೆಯಲ್ಲಿ ಬರೆಯುವ ಸೌಕರ್ಯ ಬೇಕಲ್ಲವೇ. ಕಾಮರ್ಸಿನವರಿಗೆ ಇನ್ನೊಂದು ಉದಾಹರಣೆ: 1970ರ ದಶಕದಲ್ಲಿ ಕರ್ನಾಟಕದ ಹಣಕಾಸು ಸಚಿವರಾಗಿದ್ದ ಸಂಡೂರಿನ ಎಂ.ವೈ. ಘೋರ್ಪಡೆಯವರು ಹೆಸರಾಂತ ವನ್ಯಜೀವಿ ಛಾಯಾಗ್ರಾಹಕರೂ ಆಗಿದ್ದರು. ಬಜೆಟ್ ಮಂಡಿಸುವವರು ಪುರುಸೊತ್ತು ಮಾಡಿಕೊಂಡಿದ್ದಾರೆ ಎಂದ ಮೇಲೆ ಇಂಟರ್ನಲ್ ಪರೀಕ್ಷೆಯ ನೆಪ ಹೇಳುವುದು ಕಷ್ಟ.

ನರೇಶನ್ ಎಲ್ಲಿ ಇಡಬೇಕು ಎಂಬುದು ಮುಂದಿನ ಪ್ರಶ್ನೆ. ಗೂಗಲ್ ಫೋಟೋಸ್‌ನಲ್ಲಿ ಚಿತ್ರದ ಕೆಳಗೆ ವಿವರಣೆ ಬರೆಯಬಹುದು, ಆದರೆ ಅದು ಚಿತ್ರದ ಫೈಲಿನೊಳಗೆ ಸೇರುವುದಿಲ್ಲ, ಅವರ ಪಟ್ಟಿಯಲ್ಲಿ ಬೇರೆಯಾಗಿ ಇರುತ್ತದೆ. ಚಿತ್ರವನ್ನು ಇಳಿಸಿಕೊಂಡರೆ ಸಾಲು ಅಲ್ಲೇ ಉಳಿಯುತ್ತದೆ. ನಾನು ಮೂರು ಕಡೆ ಬರೆಯುತ್ತೇನೆ. ಫೈಲಿನ ಹೆಸರಿನಲ್ಲಿ ಚುಟುಕಾಗಿ, ಇಸವಿ ಮೊದಲು: ‘1975-ಚಾರ್ಮಾಡಿ-ಲಾರಿ-07’. ಇಸವಿ, ತಿಂಗಳು, ದಿನ ಎಂಬ ಕ್ರಮದಲ್ಲಿ ಬರೆದರೆ ಕಂಪ್ಯೂಟರ್ ತಾನಾಗಿ ಕಾಲಾನುಕ್ರಮದಲ್ಲಿ ಜೋಡಿಸುತ್ತದೆ. ಎರಡನೆಯದು ಉದ್ದ ಗೆರೆಯ ನೋಟ್ ಪುಸ್ತಕ. ಮೂರನೆಯದು ಫೋಟೋದ ಹಿಂದೆ, ಮೃದುವಾದ ಪೆನ್ಸಿಲಿನಲ್ಲಿ, ಮುಖಗಳು ಇಲ್ಲದ ಅಂಚಿನ ಕಡೆ, ಒತ್ತದೆ. ಪೆನ್ಸಿಲ್ ನೀರಿಗೆ ಕರಗುವುದಿಲ್ಲ. ಹೊಳೆಯುವ ಬಣ್ಣದ ಫೋಟೋಗಳ ಹಿಂಬದಿ ಪ್ಲಾಸ್ಟಿಕ್‌ನಂತೆ ಜಾರುತ್ತದೆ, ಅವನ್ನು ಕಾಗದದ ಲಕೋಟೆಗೆ ಹಾಕಿ ಲಕೋಟೆಯ ಮೇಲೆ ಮೊದಲೇ ಬರೆಯಬೇಕು.

ಫೈಲುಗಳಿಗೆ ಛಾಯಾಗ್ರಾಹಕರ ನಡುವೆ ಪ್ರಚಲಿತವಾದ ಒಂದು ಲೆಕ್ಕ ಇದೆ, 3-2-1. ಮೂರು ಪ್ರತಿ, ಎರಡು ಬಗೆಯ ಸಾಧನ, ಒಂದು ಪ್ರತಿ ಮನೆಯಿಂದ ಹೊರಗೆ. ‘ಮನೆಯಿಂದ ಹೊರಗೆ’ ಎಂಬುದರ ಅರ್ಥ ಹೊಳೆಯ ಪಕ್ಕದಲ್ಲಿ ಇರುವವರಿಗೆ ವಿವರಿಸಬೇಕಾಗಿಲ್ಲ. ಗೂಗಲ್ ಖಾತೆಯಲ್ಲಿ ಉಚಿತವಾಗಿ ಸಿಗುವುದು 15 ಜಿಬಿ, ಮೇಲ್ ಎಲ್ಲ ಸೇರಿ. 2021ರ ಜೂನ್ 1ರಿಂದ ಕುಗ್ಗಿಸಿದ ಚಿತ್ರಗಳೂ ಆ ಲೆಕ್ಕಕ್ಕೇ ಬರುತ್ತವೆ. ಒಂದು ಚಿತ್ರ 4 ಎಂಬಿ ಎಂದುಕೊಂಡರೆ 3,750 ಚಿತ್ರಕ್ಕೆ ಮುಗಿಯಿತು. ಗುಡ್ ಮಾರ್ನಿಂಗ್ ಹೂವುಗಳನ್ನು ಅಳಿಸಲು ಇದಕ್ಕಿಂತ ಒಳ್ಳೆಯ ಕಾರಣ ಬೇಡ. ನಮ್ಮ 41 ಚಿತ್ರಗಳು, ಹಿಂಬದಿಯೂ ಸೇರಿ, ಅರ್ಧ ಜಿಬಿ ಕೂಡ ಆಗಲಿಲ್ಲ. ಒಂದು ಪೆನ್‌ಡ್ರೈವ್ ಫುಫ್ಪುವಿನ ಮನೆಯಲ್ಲಿದೆ.

ಕೊನೆಯದಾಗಿ ಒಪ್ಪಿಗೆಯ ವಿಷಯ. ನಮ್ಮ ಮನೆಗಳಲ್ಲಿ ಫೋಟೋ ಬೇಡ ಎನ್ನುವ ಹಿರಿಯರಿದ್ದಾರೆ, ತೆಗೆದರೂ ಹೊರಗಿನವರು ನೋಡಬಾರದು ಎನ್ನುವ ಹೆಂಗಸರಿದ್ದಾರೆ. ಇದನ್ನು ಹಳೆಯ ಕಾಲದ ಮಾತು ಎಂದು ತಳ್ಳಿಹಾಕುವವರಿಗೆ ಒಂದು ತೀರ್ಪು ನೆನಪಿಸುತ್ತೇನೆ. 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕು ಎಂದು ಹೇಳಿತು. ಆ ಮೊಕದ್ದಮೆ ಹೂಡಿದವರು ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ, ತೀರ್ಪು ಬಂದಾಗ ಅವರಿಗೆ 90 ದಾಟಿತ್ತು. ಹಾಗಾಗಿ ನಮ್ಮ ಪುಸ್ತಕದಲ್ಲಿ ಪ್ರತಿ ನಮೂದಿಗೂ ಒಂದು ಗುರುತು ಇದೆ: ‘ಮನೆಗೆ’ ಅಥವಾ ‘ಹೊರಗೂ’. ಯಾವುದು ಎಂದು ತೀರ್ಮಾನಿಸುವವರು ಚಿತ್ರದಲ್ಲಿರುವವರು, ಅವರು ಇಲ್ಲದಿದ್ದರೆ ಅವರ ಮಕ್ಕಳು. ದಾದಿ ತಮ್ಮ ಐದು ಚಿತ್ರಗಳಿಗೆ ‘ಮನೆಗೆ’ ಎಂದು ಹಾಕಿಸಿದ್ದಾರೆ. ಆರನೆಯದು ಹುಡುಗಿಯಾಗಿದ್ದಾಗ ಮರ ಹತ್ತಿದ್ದು. ಅದನ್ನು ಬೇಕಾದರೆ ಹೊರಗೂ ತೋರಿಸು ಎಂದರು.

ಈ ಬರಹ ಮುಗಿಸುವಾಗ 18ರಲ್ಲಿ 11 ಚಿತ್ರಗಳಿಗೆ ನರೇಶನ್ ಆಗಿದೆ, ಏಳು ಬಾಕಿ. ದಾದಿಯ ಕಣ್ಣಿನ ಶಸ್ತ್ರಚಿಕಿತ್ಸೆ ಮುಂದಿನ ತಿಂಗಳು, ಅದಾದ ಮೇಲೆ ಇನ್ನೆರಡು ಸಿಗಬಹುದು. ಲಾರಿಯ ಬಲಗಡೆ ನಿಂತ ಮೂರನೆಯವರನ್ನು ಮಾತ್ರ ದಾದಿ ಯಾವತ್ತೂ ನೋಡಿದ್ದೇ ಇಲ್ಲವಂತೆ. ಎತ್ತರದ ಆಳು, ಎಡಗೈಯಲ್ಲಿ ಗಡಿಯಾರ, ತಲೆಗೆ ಚೌಕುಳಿ ಬಟ್ಟೆ, ಕಾಲಿಗೆ ಚಪ್ಪಲಿ ಇಲ್ಲ. 1975ರ ಸುಮಾರಿಗೆ ಚಾರ್ಮಾಡಿ ಘಾಟಿಯಲ್ಲಿ ಲಾರಿ ಕೆಲಸ ಮಾಡಿದವರು ನಿಮ್ಮ ಮನೆಯಲ್ಲಿ ಅಥವಾ ನೆರೆಮನೆಯಲ್ಲಿ ಯಾರಾದರೂ ಇದ್ದರೆ ದಯವಿಟ್ಟು ತಿಳಿಸಿ. ಚಿತ್ರ ನನ್ನ ಬಳಿ ಇದೆ, ಟ್ಯಾಬ್ ತೆಗೆದುಕೊಂಡು ನಾನೇ ಬರುತ್ತೇನೆ.